ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ಕಳಸದಿಂದ ಕುದುರೆಮುಖವನ್ನು ದಾಟಿ ಮುಂದೆ ಹೋದರೆ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಕಾಡಿನಲ್ಲಿಯೇ 1858ನೆಯ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಜನಿಸಿದರೆಂಬುದು ನಮ್ಮ ಸೀಮೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದ ನನಗೂ ಕಾಲೇಜಿನ ಮೆಟ್ಟಿಲು ಹತ್ತುವವರೆಗೆ ಗೊತ್ತಿರಲಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ, ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ ವಿದ್ವಾಂಸರು. ರಮಾ ಕೆಲವೇ ತಿಂಗಳ ಕೂಸಾಗಿದ್ದಾಗ, ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡು ಸಂಸಾರವು ಬೆಟ್ಟವಿಳಿಯಿತು. ಆಮೇಲೆ ಊರೂರು ತೀರ್ಥಯಾತ್ರೆ, ಪುರಾಣ ಪ್ರವಚನ. ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರು.

ಕ್ಷಾಮ ಬಂದಿತು. ಇದ್ದ ಹಣವನ್ನೆಲ್ಲ ದಾನಧರ್ಮಗಳಿಗೆ ಸುರಿದರು, ಉಪವಾಸ ಮಾಡಿದರು, ಹಗಲಿರುಳು ಮೊರೆಯಿಟ್ಟರು. ಕೊನೆಗೆ ಎಲೆ ತಿಂದು ಬದುಕಿದರು. ಕೆಲವೇ ತಿಂಗಳೊಳಗೆ ತಂದೆ, ತಾಯಿ, ಅಕ್ಕ ಮೂವರೂ ಹೋದರು. ತಾಯಿಯ ಶವ ಹೊರಲು ಆಳು ಸಾಲದೆ ಹದಿನಾರರ ರಮಾಬಾಯಿಯೂ ಹೆಗಲು ಕೊಡಬೇಕಾಯಿತು. ಗಿಡ್ಡಗಿದ್ದುದರಿಂದ ಚಟ್ಟವನ್ನು ತಲೆಯ ಮೇಲೆ ಹೊತ್ತರು.

ನಾನು ಓದು ನಿಲ್ಲಿಸಿದ್ದು ಇಲ್ಲಿ. ನನ್ನ ತಂಗಿ ಜ್ವರದಲ್ಲಿ ಮಲಗಿದ್ದಾಗ ಅಮ್ಮ ಹೊರದ ಹರಕೆಯಿಲ್ಲ. ತಂಗಿ ಉಳಿಯಲಿಲ್ಲ. ಅಂದಿನಿಂದ ಅಮ್ಮ ದೀಪ ಹಚ್ಚುತ್ತಾಳೆ, ಆದರೆ ಏನನ್ನೂ ಬೇಡುವುದಿಲ್ಲ. ಹೀಗೆ ಒಮ್ಮೆ ಕೈಬಿಟ್ಟುಹೋದ ಮೊರೆಯನ್ನು ರಮಾಬಾಯಿಯವರು ಮತ್ತೆ ಹೇಗೆ ಹಿಡಿದರು?

ಬೇಗನೆ ಹಿಡಿಯಲಿಲ್ಲ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂದು ಗೌರವಿಸಿದರು. 1880ರಲ್ಲಿ ಮದುವೆ, 1882ರಲ್ಲಿ ಗಂಡ ಕಾಲರಾಕ್ಕೆ ತುತ್ತಾಗಿ, ಪುಟ್ಟ ಮನೋರಮೆಯೊಡನೆ ವೈಧವ್ಯ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಆದರೂ ಬಹುಕಾಲ ತಮಗೆ ಸಿಕ್ಕಿದ್ದು ಧರ್ಮವೇ ಹೊರತು ಅದರ ಒಡೆಯನಲ್ಲವೆಂದು ಮುಂದೆ ತಾವೇ ಒಪ್ಪಿಕೊಂಡರು. ಸುಮಾರು ಎಂಟು ವರ್ಷಗಳ ಮೇಲೆ, ತಂದೆಯೊಡನೆ ಮಗು ಮಾತನಾಡುವಂತೆ ದೇವರೊಡನೆ ಮಾತನಾಡಬಹುದೆಂಬ ನೆಚ್ಚಿಕೆ ಅವರಲ್ಲಿ ಹುಟ್ಟಿತು. ಬ್ರಿಸ್ಟಲ್ಲಿನಲ್ಲಿ ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯನ್ನೇ ನಂಬಿ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರನ ಚರಿತ್ರೆಯನ್ನು ಓದಿ, ನಮ್ಮ ದೇಶದಲ್ಲಿ ಇದೇಕೆ ಆಗಬಾರದೆಂದುಕೊಂಡರು.

1896ರಲ್ಲಿ ಲೋಣಾವಳದ ಪ್ರಾರ್ಥನಾಕೂಟದಲ್ಲಿ ಅವರೊಡನೆ ನಂಬಿದ ಹುಡುಗಿಯರು 15 ಮಂದಿ. ಹದಿನೈದನ್ನು ಹದಿನೈದರಿಂದ ಗುಣಿಸಿ 225 ಮಾಡಿಕೊಡೆಂದು ದೇವರನ್ನು ಬೇಡಿದರು! ಲೆಕ್ಕ ಹಾಕಿ ಬೇಡುವ ಈ ಸಲಿಗೆ ನನಗೆ ಬಹಳ ಹಿಡಿಸಿತು. ಅದೇ ವರ್ಷ ಮಧ್ಯಪ್ರಾಂತ್ಯದಲ್ಲಿ ಕ್ಷಾಮ. ಹಸಿವೆಯನ್ನು ತಾವೇ ಉಂಡವರು ಸುಮ್ಮನೆ ಕೂರಲಿಲ್ಲ. ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಬಳಿ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ವೇಳೆಗೆ ಅಲ್ಲಿದ್ದವರು ಸಾವಿರಕ್ಕೂ ಹೆಚ್ಚು. ಬಾವಿ, ತೋಟ, ಮುದ್ರಣಾಲಯ ಎಲ್ಲವೂ ಎದ್ದವು. ಪ್ರಾರ್ಥನೆಯೊಂದೇ ಸಾಕಾಯಿತೆಂದರೆ ಆ ದುಡಿಮೆಗೆ ಅನ್ಯಾಯ. ವಿದೇಶದ ಮಿತ್ರರ ನೆರವೂ ಇತ್ತು. ಮತಾಂತರದ ಆಕ್ಷೇಪವೆದ್ದು 1893ರಲ್ಲಿ ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡುಹೋದದ್ದೂ ಉಂಟು.

ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಿರುಗಿಸುತ್ತಿದ್ದಾಗ, 1921ರ ಜುಲೈನಲ್ಲಿ ಮನೋರಮೆ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ.

ರಜೆಯಲ್ಲಿ ಅಮ್ಮನಿಗೆ ಈ ಕಥೆಯನ್ನು ಹೇಳಿದೆ. ಮಗಳು ಸತ್ತ ಮೇಲೂ ಆಯಮ್ಮ ದೇವರೊಡನೆ ಮಾತನಾಡಿದಳೇ ಎಂದು ಕೇಳಿದಳು. ಹೌದೆಂದೆ. ಅಮ್ಮ ಒಲೆಯ ಕಡೆ ತಿರುಗಿ ಬಹಳ ಹೊತ್ತು ಸುಮ್ಮನಿದ್ದಳು.