ಓಟಗಾರ ಎಮಿಲ್ ಜಾಟೊಪೆಕ್

ಮನುಷ್ಯನ ದೇಹಶಕ್ತಿಗೆ ಒಂದು ಎಲ್ಲೆಯುಂಟು. ಆದರೆ ಆ ಎಲ್ಲೆ ಎಲ್ಲಿದೆಯೆಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಕಾಲು ಸೋತು, ಉಸಿರು ಮೇಲಕ್ಕೆ ಸಿಕ್ಕಿ, ಇನ್ನು ಒಂದು ಹೆಜ್ಜೆಯೂ ಆಗದೆಂದು ಮನಸ್ಸು ಕೂಗಿಕೊಂಡಾಗ, ಅದೇ ತಮ್ಮ ಎಲ್ಲೆಯೆಂದು ಬಗೆದು ನಿಂತುಬಿಡುವವರೇ ಬಹುಮಂದಿ. ಆ ಕೂಗನ್ನು ಕೇಳಿಯೂ ಮುಂದಿನ ಹೆಜ್ಜೆಯನ್ನಿಟ್ಟವನಿಗೆ ದೊರೆಯುವ ತೃಪ್ತಿ ಬೇರೆಯೇ ಬಗೆಯದು. ಅಂತಹ ತೃಪ್ತಿಯನ್ನು ಬೇಕೆಂದೇ ಅರಸಿಕೊಂಡು ಹೋದವರಲ್ಲಿ ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಅಗ್ರಗಣ್ಯನು.

ಜಾಟೊಪೆಕ್ 1922ನೆಯ ಇಸವಿ ಸೆಪ್ಟೆಂಬರ್ 19ರಂದು ಮೊರಾವಿಯಾ ಪ್ರಾಂತದ ಕೊಪ್ರಿವ್ನಿಟ್ಸೆ ಎಂಬ ಊರಿನಲ್ಲಿ ಜನಿಸಿದನು. ಮನೆಯಲ್ಲಿ ಮಕ್ಕಳು ಹಲವರು; ಸಂಪಾದನೆ ಅಲ್ಪ. ಹದಿನಾರನೆಯ ವಯಸ್ಸಿನಲ್ಲಿಯೇ ಅವನು ಜ್ಲೀನ್ ಪಟ್ಟಣದಲ್ಲಿದ್ದ ಬಾಟಾ ಪಾದರಕ್ಷೆಗಳ ಕಾರ್ಖಾನೆಗೆ ದುಡಿಯಲು ಹೋಗಬೇಕಾಯಿತು. ಆಟೋಟಗಳಲ್ಲಿ ಅವನಿಗೆ ವಿಶೇಷ ಆಸಕ್ತಿಯೇನೂ ಇರಲಿಲ್ಲ. 1941ರಲ್ಲಿ ಕಾರ್ಖಾನೆಯ ಕ್ರೀಡಾಶಿಕ್ಷಕನು ಕೆಲವು ಹುಡುಗರನ್ನು ಆರಿಸಿ ಓಟದ ಪಂದ್ಯಕ್ಕೆ ಸೇರಲೇಬೇಕೆಂದು ಆಜ್ಞೆ ಮಾಡಿದನು. ತನ್ನ ಮೈ ನೆಟ್ಟಗಿಲ್ಲವೆಂದು ಎಮಿಲ್ ತಪ್ಪಿಸಿಕೊಳ್ಳಲು ನೋಡಿದನು. ವೈದ್ಯರು ಪರೀಕ್ಷಿಸಿ, ಯಾವ ದೋಷವೂ ಇಲ್ಲವೆಂದು ತೀರ್ಪು ಕೊಟ್ಟರು! ಹೀಗೆ ಒಲ್ಲದ ಮನಸ್ಸಿನಿಂದ ನಿಂತವನಿಗೆ ಓಟ ಪ್ರಾರಂಭವಾದೊಡನೆ ಗೆಲ್ಲಬೇಕೆಂಬ ಛಲ ಹುಟ್ಟಿತು. ನೂರು ಮಂದಿಯಲ್ಲಿ ಅವನು ಎರಡನೆಯವನಾಗಿ ಬಂದನು. ಅಂದಿನಿಂದ ಓಟವೇ ಅವನ ಬಾಳಾಯಿತು. ಮೂರು ವರ್ಷಗಳೊಳಗೆ 2,000, 3,000 ಮತ್ತು 5,000 ಮೀಟರುಗಳ ಓಟಗಳಲ್ಲಿ ತನ್ನ ದೇಶದ ದಾಖಲೆಗಳನ್ನೆಲ್ಲ ಮುರಿದನು.

ಜಾಟೊಪೆಕ್ ಹುಟ್ಟಾ ವೇಗಶಾಲಿಯಲ್ಲ. ಅವನ ಶಕ್ತಿಯೆಲ್ಲ ಸಾಧನೆಯಿಂದ ಬಂದುದು. ನಿಧಾನವಾಗಿ ಓಡುವುದು ತನಗೆ ಆಗಲೇ ಗೊತ್ತು, ಕಲಿಯಬೇಕಾದುದು ವೇಗವಾಗಿ ಓಡುವುದನ್ನು ಎಂಬುದು ಅವನ ಸರಳವಾದ ತರ್ಕ. ಅದಕ್ಕಾಗಿ 400 ಮೀಟರು ರಭಸದಿಂದ ಓಡುವನು. ಸ್ವಲ್ಪ ದೂರ ಮೆಲ್ಲನೆ ಓಡಿ ಉಸಿರು ತಿರುಗಿಸಿಕೊಳ್ಳುವನು. ಆಯಾಸ ಪೂರ್ತಿ ಆರುವ ಮೊದಲೇ ಮತ್ತೆ 400 ಮೀಟರು ಓಡುವನು. ಹೀಗೆ ಒಂದೇ ದಿನ ನಲವತ್ತು ಸಲ, ಮುಂದೆ ಅದಕ್ಕೂ ಹೆಚ್ಚು ಸಲ ಓಡಿದ ದಿನಗಳುಂಟು. ಸೈನ್ಯಕ್ಕೆ ಸೇರಿದ ಮೇಲೆ ಸಿಪಾಯಿಯ ಭಾರವಾದ ಬೂಟುಗಳನ್ನು ಮೆಟ್ಟಿ ಹಿಮದಲ್ಲಿ ಓಡುತ್ತಿದ್ದನು. ಅಭ್ಯಾಸದಲ್ಲಿಯೇ ಪಂದ್ಯಕ್ಕಿಂತ ಹೆಚ್ಚಿನ ಕಷ್ಟವನ್ನು ಉಂಡವನಿಗೆ ಪಂದ್ಯದ ಕಷ್ಟ ಹೊಸದಾಗಿ ತೋರುವುದಿಲ್ಲ. ಇದೇ ಅವನ ಸಾಧನೆಯ ಗುಟ್ಟು.

ಅವನ ಓಟವನ್ನು ನೋಡುವುದಕ್ಕೆ ಅಂದವೆಂದು ಯಾರೂ ಹೇಳುವಂತಿರಲಿಲ್ಲ. ತಲೆ ಅತ್ತಿತ್ತ ಹೊರಳುತ್ತಿತ್ತು, ಮುಖ ಕಿವುಚಿಕೊಳ್ಳುತ್ತಿತ್ತು, ಏದುಸಿರು ದೂರದವರೆಗೂ ಕೇಳಿಸುತ್ತಿತ್ತು. ಈ ಕ್ಷಣವೋ ಮರುಕ್ಷಣವೋ ಬಿದ್ದುಬಿಡುವನೆಂದು ಹೊಸಬರು ಗಾಬರಿಯಾಗುತ್ತಿದ್ದರು. ಓಡುತ್ತಲೇ ನಗುವಷ್ಟು ಜಾಣತನ ತನಗಿಲ್ಲವೆಂದು ಅವನು ಹಾಸ್ಯಮಾಡಿ ಸುಮ್ಮನಾಗುತ್ತಿದ್ದನು.

1948ರ ಲಂಡನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅವನು 10,000 ಮೀಟರ್ ಓಟವನ್ನು ಗೆದ್ದನು. ಆದರೆ ಅವನ ಸ್ವಭಾವವನ್ನು ತೋರಿಸಿದ್ದು ಗೆದ್ದ ಓಟವಲ್ಲ, ಸೋತ ಓಟ. 5,000 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಬೆಲ್ಜಿಯಮ್ಮಿನ ಗ್ಯಾಸ್ಟನ್ ರೈಫ್ ಬಹು ದೂರ ಮುಂದಿದ್ದನು. ಮಳೆಗೆ ನೆಂದು ಕೆಸರಾದ ಅಂಕಣದಲ್ಲಿ ಜಾಟೊಪೆಕ್ ಇದ್ದಕ್ಕಿದ್ದಂತೆ ಚಿಮ್ಮಿ ಬೆನ್ನಟ್ಟಿದನು. ಕೊನೆಗೆ 0.2 ಸೆಕೆಂಡಿನ ಅಂತರದಿಂದ ಸೋತನು. ಇತರರು ಆಸೆ ಬಿಡುವ ಸ್ಥಳದಲ್ಲಿ ಅವನ ಓಟ ಮೊದಲಾಗುತ್ತಿತ್ತು. ಅದೇ ವರ್ಷ ಅವನು ಈಟಿ ಎಸೆತದ ಪಟು ಡಾನಾಳನ್ನು ವಿವಾಹವಾದನು. ಇಬ್ಬರೂ ಒಂದೇ ವರ್ಷ, ಒಂದೇ ದಿನ ಹುಟ್ಟಿದವರು. 1951ರಲ್ಲಿ ಒಂದು ಗಂಟೆಯೊಳಗೆ 20 ಕಿಲೋಮೀಟರಿಗೂ ಹೆಚ್ಚು ದೂರ ಓಡಿದ ಮೊದಲ ಮಾನವನೆಂಬ ಕೀರ್ತಿ ಅವನದಾಯಿತು.

ಅವನ ಜೀವನದ ಶಿಖರವೆಂದರೆ 1952ರ ಹೆಲ್ಸಿಂಕಿ. ಜುಲೈ 20ರಂದು 10,000 ಮೀಟರ್ ಓಟದಲ್ಲಿ ಸುವರ್ಣಪದಕ. 24ರಂದು 5,000 ಮೀಟರ್: ಕೊನೆಯ ಸುತ್ತಿನಲ್ಲಿ ಮೂವರು ಅವನನ್ನು ಹಿಂದೆ ಹಾಕಿದರು, ಕಡೆಯ ತಿರುವಿನಲ್ಲಿ ಆ ಮೂವರನ್ನೂ ದಾಟಿ ಅವನು ಮತ್ತೆ ಮೊದಲಿಗನಾದನು. ಅದೇ ದಿನ ಡಾನಾ ಈಟಿ ಎಸೆತದಲ್ಲಿ ಸುವರ್ಣಪದಕ ಪಡೆದಳು. ಇಷ್ಟಕ್ಕೆ ತೃಪ್ತನಾಗದೆ ಅವನು 27ರಂದು ಮ್ಯಾರಥಾನ್ ಓಟಕ್ಕೂ ನಿಂತನು. 42 ಕಿಲೋಮೀಟರಿಗೂ ಮೀರಿದ ಆ ಓಟದ ಪಂದ್ಯದಲ್ಲಿ ಅವನು ಅದುವರೆಗೆ ಒಮ್ಮೆಯೂ ಸ್ಪರ್ಧಿಸಿದವನಲ್ಲ. ಇಂಗ್ಲೆಂಡಿನ ಪ್ರಸಿದ್ಧ ಓಟಗಾರ ಜಿಮ್ ಪೀಟರ್ಸನ ಜೊತೆಯಲ್ಲಿಯೇ ಓಡುತ್ತ, ಈ ವೇಗ ಸರಿಯಾಗಿದೆಯೇ ಎಂದು ಅವನನ್ನೇ ಕೇಳಿದನು. ಎದುರಾಳಿಯನ್ನು ದಣಿಸಲೆಂದು ಪೀಟರ್ಸ್ ಸಾಲದೆಂದನು. ಜಾಟೊಪೆಕ್ ಅದನ್ನು ನಂಬಿ ವೇಗವನ್ನು ಹೆಚ್ಚಿಸಿಯೇ ಬಿಟ್ಟನು! ಪೀಟರ್ಸ್ ಮುಂದೆ ಸೋತು ಓಟವನ್ನು ಬಿಡಬೇಕಾಯಿತು. ಜಾಟೊಪೆಕ್ 2 ಗಂಟೆ 23 ನಿಮಿಷ 3 ಸೆಕೆಂಡುಗಳಲ್ಲಿ, ಎರಡನೆಯವನಿಗಿಂತ ಎರಡೂವರೆ ನಿಮಿಷ ಮುಂಚಿತವಾಗಿ, ಕ್ರೀಡಾಂಗಣವನ್ನು ಹೊಕ್ಕು ಗುರಿ ಮುಟ್ಟಿದನು. ಒಂದೇ ಒಲಿಂಪಿಕ್ ಕೂಟದಲ್ಲಿ ಈ ಮೂರು ಓಟಗಳನ್ನೂ ಗೆದ್ದ ಮತ್ತೊಬ್ಬನು ಇಂದಿಗೂ ಇಲ್ಲ.

1954ರಲ್ಲಿ 10,000 ಮೀಟರುಗಳನ್ನು 29 ನಿಮಿಷಗಳೊಳಗೆ ಓಡಿದವರಲ್ಲಿಯೂ ಅವನೇ ಮೊದಲಿಗನು. ಆದರೆ 1956ರಲ್ಲಿ ಮೆಲ್ಬರ್ನಿನ ಕೂಟಕ್ಕೆ ಸ್ವಲ್ಪ ಮುಂಚೆ ಅವನಿಗೆ ಶಸ್ತ್ರಚಿಕಿತ್ಸೆಯಾಯಿತು. ಮ್ಯಾರಥಾನಿನಲ್ಲಿ ಆರನೆಯ ಸ್ಥಾನ ಬಂದಿತು. ಅಲ್ಲಿ ಗೆದ್ದವನು, ಹಿಂದೆ ಎಷ್ಟೋ ಸಲ ಅವನಿಗೆ ಸೋತಿದ್ದ ಫ್ರಾನ್ಸಿನ ಅಲೆಂ ಮಿಮೂನ್. ಸೋಲಿನ ದಣಿವಿನಲ್ಲಿಯೂ ಜಾಟೊಪೆಕ್ ಆ ಗೆಳೆಯನಿಗೆ ಸಿಪಾಯಿಯಂತೆ ವಂದನೆ ಮಾಡಿ ಅಪ್ಪಿಕೊಂಡನು.

ಬದುಕು ಅವನನ್ನು ಇನ್ನೂ ಕಠಿಣವಾದ ಪರೀಕ್ಷೆಗೆ ಒಡ್ಡಿತು. 1968ರಲ್ಲಿ ಪರದೇಶದ ಸೈನ್ಯಗಳು ತನ್ನ ನಾಡನ್ನು ಹೊಕ್ಕಾಗ ಅವನು ಬಹಿರಂಗವಾಗಿ ಪ್ರತಿಭಟಿಸಿದನು. ಅದರ ಫಲವಾಗಿ ಸೈನ್ಯದ ಹುದ್ದೆ ಹೋಯಿತು. ಪ್ರಾಗಿನಿಂದ ದೂರದಲ್ಲಿ, ನೆಲ ಕೊರೆಯುವ ತಂಡದೊಡನೆ ವರ್ಷಗಟ್ಟಲೆ ಕೂಲಿಯವನಂತೆ ದುಡಿಯಬೇಕಾಯಿತು. ಒತ್ತಡಕ್ಕೆ ಮಣಿದು ತನ್ನ ಮಾತುಗಳನ್ನು ಹಿಂದಕ್ಕೆ ತೆಗೆದುಕೊಂಡದ್ದೂ ಉಂಟು. ಕಾಲಿನ ನೋವನ್ನು ಗೆದ್ದವನೂ ಎಲ್ಲ ನೋವುಗಳನ್ನೂ ಗೆಲ್ಲಲಾರನೆಂಬುದಕ್ಕೆ ಇದು ನಿದರ್ಶನ. ಅದರಿಂದ ಅವನು ನಮಗೆ ಇನ್ನಷ್ಟು ಹತ್ತಿರದವನಾಗುತ್ತಾನೆ. 1990ರಲ್ಲಿ ಅವನ ಮರ್ಯಾದೆ ಅವನಿಗೆ ಹಿಂತಿರುಗಿತು. 2000ನೆಯ ಇಸವಿ ನವೆಂಬರಿನಲ್ಲಿ ಅವನು ತೀರಿಕೊಂಡನು.

ಜಾಟೊಪೆಕನ ಹಿರಿಮೆಯನ್ನು ಅಳೆಯಲು ಒಂದು ಸಂಗತಿ ಸಾಕು. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹಲವು ವಿಶ್ವದಾಖಲೆಗಳನ್ನು ಸ್ಥಾಪಿಸಿಯೂ ಒಲಿಂಪಿಕ್ ಸುವರ್ಣಪದಕವನ್ನು ಕಾಣದವನು. 1966ರಲ್ಲಿ ಅವನು ಪ್ರಾಗಿಗೆ ಬಂದು ಹಿಂತಿರುಗುವಾಗ, ಜಾಟೊಪೆಕ್ ಒಂದು ಸಣ್ಣ ಪೊಟ್ಟಣವನ್ನು ಅವನ ಕೈಯಲ್ಲಿಟ್ಟನು. ಬಿಚ್ಚಿ ನೋಡಿದರೆ ಹೆಲ್ಸಿಂಕಿಯಲ್ಲಿ ಗೆದ್ದ ಸುವರ್ಣಪದಕಗಳಲ್ಲೊಂದು! ಪದಕವೇ ಓಟದ ಫಲವಾಗಿದ್ದರೆ ಯಾರೂ ಅದನ್ನು ಹೀಗೆ ಕೊಟ್ಟುಬಿಡಲಾರರು. ಎಲ್ಲೆಯನ್ನು ಮುಟ್ಟಿ, ಅದನ್ನು ಒಂದು ಹೆಜ್ಜೆ ಆಚೆಗೆ ಸರಿಸಿದ ಆನಂದ ಕೊಡಲು ಬರುವಂತಹುದಲ್ಲ, ಕಸಿದುಕೊಳ್ಳಲು ಬರುವಂತಹುದೂ ಅಲ್ಲ. ಅದು ಓಡಿದವನಲ್ಲಿಯೇ ಉಳಿಯುತ್ತದೆ. ಆಟದ ಬಯಲಿನಲ್ಲಾಗಲಿ, ಓದಿನ ಕೊಠಡಿಯಲ್ಲಾಗಲಿ, ಇನ್ನು ಆಗದೆಂದು ಮನಸ್ಸು ಹಿಂಜರಿದಾಗ ವಿದ್ಯಾರ್ಥಿ ಮಿತ್ರರು ಈ ಓಟಗಾರನನ್ನು ನೆನೆದು ಇನ್ನೊಂದು ಹೆಜ್ಜೆಯನ್ನಿಡಲಿ.