ಗೋಪಾಲಗೌಡರ ಕಾಲದ ಕೊಳಗ, ನಮ್ಮ ಕಾಲದ ಸ್ಕ್ಯಾನರ್

ಶಾಂತವೇರಿ ಗೋಪಾಲಗೌಡರ ಬಗ್ಗೆ ನಾನು ನೆಟ್ಟಗೆ ಓದಿದ್ದು ಬೆಂಗಳೂರಿನ ಹೊರವಲಯದ ಒಂದು ವೇರ್‌ಹೌಸಿನ ಕೆಲಸ ಬಿಟ್ಟು ಸೊರಬಕ್ಕೆ ವಾಪಸ್ ಬಂದ ಮೇಲೆ. ಸೊರಬ, ಶಿಕಾರಿಪುರ ಕಡೆಯ ಆರು ಹುಡುಗರು ಒಂದೇ ಏಜೆನ್ಸಿ ಮೂಲಕ ಹೋಗಿದ್ವಿ. ಗಂಟೆಗೆ ಇಷ್ಟು ಐಟಂ ಅಂತ ಟಾರ್ಗೆಟ್. ಅದನ್ನು ಯಾರು ಏರಿಸ್ತಾರೆ ಅಂತ ಸೂಪರ್‌ವೈಸರ್‌ಗೂ ಗೊತ್ತಿರಲಿಲ್ಲ. ಶೌಚಾಲಯಕ್ಕೆ ಹೋದ ನಿಮಿಷಗಳೂ ಸ್ಕ್ಯಾನರ್ ಲೆಕ್ಕದಲ್ಲಿ ಸೋಮಾರಿತನ. ಕೇಳಿದ್ರೆ ಕಂಪನಿ ಏಜೆನ್ಸಿಯತ್ತ ಕೈ ತೋರಿಸೋದು, ಏಜೆನ್ಸಿ ಕಂಪನಿಯತ್ತ. ನಮ್ಮ ಲೆಕ್ಕ ಬರೆದು ಕೊಡಿ ಅಂತ ಕೇಳಿದ ಶಿಕಾರಿಪುರದ ಗೆಳೆಯನ ಐಡಿ ಮರುದಿನವೇ ಬ್ಲಾಕ್ ಆಯ್ತು.

ಕಾಗೋಡಿನ ಜಗಳ ಶುರುವಾಗಿದ್ದೂ ಅಳತೆಯಿಂದಲೇ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದ್ದು, ನಿಗದಿಯಾದದ್ದಕ್ಕಿಂತ ದೊಡ್ಡದು. ಬೆಳೆದವರು ದೀವರು, ಅಳೆಯುವಾಗ ಸುಮ್ಮನೆ ನೋಡ್ತಾ ನಿಲ್ಲಬೇಕು. ಜೊತೆಗೆ ಬಿಟ್ಟಿ ಚಾಕರಿ. ಎಚ್. ಗಣಪತಿಯಪ್ಪ ಮೊದಲು ರೈತಸಂಘ ಕಟ್ಟಿದರು (ಅವರ ಹೆಸರನ್ನು ನಾವು ಯಾಕೋ ಬೇಗ ಮರೀತೀವಿ). 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಹೆಂಗಸರೂ ಗದ್ದೆಗಿಳಿದು ಜೈಲಿಗೆ ಹೋದರು.

ಆ ಹೋರಾಟವನ್ನು ರಾಜ್ಯದ ರಾಜಕಾರಣದ ನಡುವೆ ತಂದು ನಿಲ್ಲಿಸಿದವರು ಸಮಾಜವಾದಿ ಪಕ್ಷದ ಗೋಪಾಲಗೌಡರು. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಬಡವರ ಮಗ. 1942ರ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಶಿಕಾರಿಪುರದ ಈಸೂರು ಸಿಡಿದೆದ್ದದ್ದೂ ಅದೇ ವರ್ಷ. ಕಾಗೋಡಿಗೆ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಮಲೆನಾಡಿನ ಒಂದು ಮೂಲೆಯ ಕೊಳಗ ದೇಶದ ಸುದ್ದಿಯಾಯಿತು.

1952ರಲ್ಲಿ ಸಾಗರ-ಹೊಸನಗರದ ಜನ ಅವರನ್ನು ಶಾಸನಸಭೆಗೆ ಕಳಿಸಿದರು. ದುಡ್ಡಿಲ್ಲದ ಅಭ್ಯರ್ಥಿ, ವೋಟಿನ ಜೊತೆ ನೋಟನ್ನೂ ಜನರೇ ಕೊಟ್ಟರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಅನಂತಮೂರ್ತಿಯವರ 'ಅವಸ್ಥೆ' ಓದಿದವರು ಕೃಷ್ಣಪ್ಪನಲ್ಲಿ ಅವರ ನೆರಳು ಕಂಡಿರ್ತೀರಿ. ಆದರೆ ಕಾದಂಬರಿಯ ನಾಯಕನನ್ನಾಗಿ ಮಾತ್ರ ಅವರನ್ನು ಪ್ರೀತಿಸೋದು ನನಗೆ ಸ್ವಲ್ಪ ಕಸಿವಿಸಿ. ಸೊಗಸಾಗಿ ಮಾತಾಡುವ ನಾಯಕರು ಆಗಲೂ ಇದ್ದರು. ಗೇಣಿದಾರನ ಭತ್ತದ ಲೆಕ್ಕವನ್ನು ಸದನದ ಪ್ರಶ್ನೆ ಮಾಡಿದವರು ಎಷ್ಟು ಜನ?

ಕಾಗೋಡು ಕೂಡಲೇ ಗೆಲ್ಲಲಿಲ್ಲ ಅನ್ನೋದನ್ನೂ ಹೇಳಬೇಕು. ಕೋರ್ಟು, ಜೈಲು, ಕೈತಪ್ಪಿದ ಗದ್ದೆ ಇವೆಲ್ಲ ಮುಗಿಯುವಷ್ಟರಲ್ಲಿ ಎರಡು ದಶಕ ಕಳೆದಿತ್ತು. ಕಾಯಿಲೆ ಬಿದ್ದ ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು, ಆಗಿನ್ನೂ 49 ವರ್ಷ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಯಾದದ್ದು 1974ರ ಮಾರ್ಚ್ 1ರಿಂದ. ಅದನ್ನು ನೋಡಲು ಅವರಿರಲಿಲ್ಲ.

ನಮ್ಮಜ್ಜ ಗೇಣಿದಾರ. 7ನೇ ನಮೂನೆಯ ಅರ್ಜಿ ಹಾಕಿ, ಭೂನ್ಯಾಯಮಂಡಳಿಗೆ ಅಲೆದು, ಉಳ್ತಿದ್ದ ಎರಡು ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಕೆಲಸ ಬಿಟ್ಟು ಬಸ್ ಹತ್ತುವಾಗ ನನಗೆ ವಾಪಸ್ ಬರೋಕೆ ಒಂದು ಜಾಗ ಇತ್ತು. ಐಡಿ ಬ್ಲಾಕ್ ಆದ ಗೆಳೆಯನ ಮನೆಯವರು ಕೂಲಿಯವರು, ಅವರಿಗೆ ಯಾವ ಪಹಣಿಯೂ ಇಲ್ಲ. ಅವನೀಗ ಬೇರೆ ಏಜೆನ್ಸಿ ಮೂಲಕ ಇನ್ನೊಂದು ಗೋದಾಮಿನಲ್ಲಿ ನೈಟ್ ಶಿಫ್ಟ್ ಮಾಡ್ತಿದ್ದಾನೆ. ಅಲ್ಲಿ ಟಾರ್ಗೆಟ್ ಇನ್ನೂ ಜಾಸ್ತಿಯಂತೆ.