ಗಂಜಾಮಿನ ಇಗರ್ಜಿ ಮತ್ತು ದೊಡ್ಡ ಸ್ವಾಮಿ

ಬೆಂಗಳೂರಿನಿಂದ ಮದ್ದೂರು, ಮಂಡ್ಯ ದಾಟಿ ಮೈಸೂರಿಗೆ ಹೋಗುವವರು ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್, ಗುಂಬಜ್ ನೋಡಿ ಮುಂದೆ ಹೋಗುತ್ತಾರೆ. ಅಲ್ಲೇ ಗಂಜಾಮಿನಲ್ಲಿರುವ ಹಳೆಯ ಇಗರ್ಜಿಯ ಕಡೆ ತಿರುಗುವವರು ಕಡಿಮೆ. ಕರಾವಳಿಯ ಕಥೋಲಿಕರಿಗೆ ಅದು ಪರಸ್ಥಳವಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟ ಹತ್ತಿಸಿದ ನಮ್ಮ ಹಿರಿಯರನ್ನು ಒಯ್ದದ್ದು ಇದೇ ಶ್ರೀರಂಗಪಟ್ಟಣಕ್ಕೆ. ಹದಿನೈದು ವರ್ಷಗಳ ಸೆರೆಯಲ್ಲಿ ಸತ್ತವರೆಷ್ಟೋ, ಬಲವಂತಕ್ಕೆ ಮತ ಬಿಟ್ಟವರೆಷ್ಟೋ.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಹಾಗೆ ಚದುರಿಹೋದ ವಿಶ್ವಾಸಿಗಳನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಳ್ಳಲು ಬಂದವರು ವಂದನೀಯ ಅಬ್ಬೆ ದುಬ್ವಾ. ಗಂಜಾಮಿನ ಇಗರ್ಜಿ ಇಂದಿಗೂ ಅವರ ಹೆಸರಿನಲ್ಲೇ ಪರಿಚಿತ.

1766ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಇವರು ಕ್ರಾಂತಿಯ ಗಲಭೆಯ ನಡುವೆ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯಿಂದ ಭಾರತಕ್ಕೆ ಹೊರಟರು. ಇಲ್ಲಿ ಪೇಟ ಸುತ್ತಿದರು, ಈ ನೆಲದ ಉಡುಗೆ ತೊಟ್ಟರು, ಜನರ ಆಹಾರ, ನಡೆನುಡಿಗಳನ್ನೇ ತಮ್ಮದಾಗಿಸಿಕೊಂಡರು. ಜನ ಅವರನ್ನು ದೊಡ್ಡ ಸ್ವಾಮಿ ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ಊರೊಂದನ್ನು ಕಟ್ಟಿಕೊಟ್ಟರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದಾಗ, 1803-04ರಲ್ಲಿ, ಅವರ ಮುತುವರ್ಜಿಯಿಂದ ಲಸಿಕೆ ಹಾಕಿಸಿಕೊಂಡವರ ಲೆಕ್ಕ 25,432. ಜನ ಸೂಜಿಗೆ ಹೆದರುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಹೊರಜಗತ್ತು ಅವರನ್ನು ಬಲ್ಲದ್ದು ಹಿಂದೂಗಳ ಆಚಾರವಿಚಾರಗಳ ಕುರಿತ ಗ್ರಂಥದಿಂದ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಎರಡು ಸಾವಿರ ವರಹ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಹೊರತಂದಿತು. ಅದರ ಬಹುಭಾಗ ಜೆಸುಯಿಟ್ ಗುರು ಕೂರ್ದೂ ಅವರ ಹಳೆಯ ಬರಹವನ್ನು ಆಧರಿಸಿದ್ದೆಂದು 1987ರಲ್ಲಿ ಸಂಶೋಧಕಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಅಭಿಮಾನಿಗಳಿಗೆ ಇದು ಹಿತವಾಗದಿದ್ದರೂ ಮುಚ್ಚಿಡಬೇಕಾದ್ದಲ್ಲ.

ಅದಕ್ಕಿಂತ ಕಷ್ಟದ ವಿಷಯ ಇನ್ನೊಂದಿದೆ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಅಂದಿನ ಸ್ಥಿತಿಯಲ್ಲಿ ಹಿಂದೂಗಳ ಮತಾಂತರ ಆಗದ ಕೆಲಸವೆಂದೂ, ತಮ್ಮ ಇಷ್ಟು ವರ್ಷಗಳ ದುಡಿಮೆಯ ಫಲ ತೀರ ಅಲ್ಪವೆಂದೂ ಅವರು ಬರೆದುಬಿಟ್ಟರು. ಪ್ರೊಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಹೊಸದಾಗಿ ಬಂದವರನ್ನು ಎಣಿಸಿ ಬೇಸತ್ತ ಗುರುಗಳು, ಗಂಜಾಮಿನಲ್ಲಿ ಮರಳಿ ಬಂದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೇನೋ ಎಂದು ನನಗನಿಸುತ್ತದೆ.

ಅದೇ ವರ್ಷ ಫ್ರಾನ್ಸಿಗೆ ಮರಳಿದರು. ಮುಂದೆ ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆದರು. ಭಾರತವನ್ನು ಮತ್ತೆ ಕಾಣದೆ 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.